ಕಾದಂಬರಿಯ ಕೊನೆಗೆ ಬಾಗಿಲು ತಟ್ಟಿದವರ ಬಗ್ಗೆ ಸ್ಪಷ್ಟೀಕರಣ

ಯಮುನಾಪಾರ ಕನ್ನಡ ಬಳಗ
ಗ್ರಂಥ ವಿತರಣಾ ವಿಭಾಗ
ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿ, ಲಕ್ಷ್ಮೀ ನಗರ, ದೆಹಲಿ

ಸುತ್ತೋಲೆ ಸಂಖ್ಯೆ: ಯಕಬ/ಗ್ರಂವಿ/ಪ್ರೇಮ/೦೩/೨೦೦೭
ದಿನಾಂಕ: ೧೬ ಏಪ್ರಿಲ್ ೨೦೦೭

ವಿಷಯ: ಪ್ರೇಮ ಕಾದಂಬರಿಗಳ ಎರವಲು, ಓದು, ನಿಟ್ಟುಸಿರು ಹಾಗೂ ಮುಕ್ತಾಯಗಳನ್ನು ನಿಯಮಿಸುವ ಕುರಿತು.

ಉಲ್ಲೇಖ:
೧. ಶ್ರೀಮತಿ ಗಿರಿಜಮ್ಮನವರ ದೂರು.
೨. ಸದರಿ ದೂರಿನಲ್ಲಿ ಹೇಳಿರುವುದು ತಪ್ಪೆಂದು ಶ್ರೀಮತಿ ಸೀತಮ್ಮನವರ ಪ್ರತಿದೂರು.
೩. ಫೆಬ್ರವರಿ ಕೊನೆಯ ಭಾನುವಾರ ನಡೆದ ವಿಚಾರಣಾ ಸಭೆಯ ನಡಾವಳಿ.
೪. ಇದೇ ವಿಷಯದಲ್ಲಿ ಹಿಂದೆ ಹೊರಡಿಸಿ, ಯಾರೂ ಓದದ ಸುತ್ತೋಲೆ.

೧. ಪೀಠಿಕೆ

ಬಳಗದ ವಾಚನಾಲಯದಲ್ಲಿ ಮೂರು ಬೀರುಗಳಿವೆ. ಮೊದಲೆರಡರಲ್ಲಿ ವಿಚಾರ, ವಿಮರ್ಶೆ ಮತ್ತು ಬಹುಮಾನ ಪಡೆದ ಕೃತಿಗಳಿದ್ದು, ಅವುಗಳ ಬೀಗದ ಕೈ ಕಳೆದುಹೋಗಿರುವ ಸಂಗತಿ ಬಹುಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ಮೂರನೆಯದಾದ ಹಸಿರು ಬೀರುವಿನಲ್ಲಿ ಪ್ರೇಮ ಕಾದಂಬರಿಗಳಿವೆ. ತೆಗೆದು ಹಾಕಿ ತೆಗೆದು ಹಾಕಿ ಇದರ ಬಾಗಿಲಿನ ಕೀಲು ಕಿತ್ತುಹೋಗಿ, ಸದ್ಯ ಬಾಗಿಲನ್ನು ಗೋಡೆಗೆ ಒರಗಿಸಿ ಇಡಲಾಗಿದೆ.

ಈ ಅಸಮತೋಲನಕ್ಕೆ ಕಾರಣವೇನೆಂದು ತಿಳಿಯಲು ಬಳಗದ ಅಧ್ಯಕ್ಷರಾದ ಶ್ರೀ ವೆಂಕಟಸುಬ್ಬಯ್ಯನವರು ಹಸಿರು ಬೀರುವಿನ ಪುಸ್ತಕಗಳನ್ನು ಖುದ್ದಾಗಿ ಪರಿಶೀಲಿಸಿದರು. ಅವರ ವರದಿಯಂತೆ ಎಲ್ಲ ಪುಸ್ತಕಗಳಲ್ಲಿಯೂ ನಾಯಕನು ಎತ್ತರವಾಗಿದ್ದು, ಮೊದಲ ಭೇಟಿಯಲ್ಲಿ ಒರಟಾಗಿ ಮಾತನಾಡುತ್ತಾನೆ, ಆದರೆ ತನ್ನ ಅಜ್ಜಿಯೊಂದಿಗೆ ಮೃದುವಾಗಿರುತ್ತಾನೆ. ನಾಯಕಿಗೆ ಕಣ್ಣು ದೊಡ್ಡದು, ಆದಾಯ ಚಿಕ್ಕದು. ನಡುವೆ ಒಂದು ತಪ್ಪು ತಿಳಿವಳಿಕೆ ಉಂಟಾಗುತ್ತದೆ; ಯಾರಾದರೂ ಬಾಯಿಬಿಟ್ಟು ಒಂದು ಮಾತು ಹೇಳಿದರೆ ಮುಗಿಯುವಂಥದ್ದು, ಆದರೆ ನೂರು ಪುಟ ಯಾರೂ ಹೇಳುವುದಿಲ್ಲ. ಮನೆಯವರು ವಕೀಲನೊಬ್ಬನನ್ನು ಗೊತ್ತುಮಾಡುತ್ತಾರೆ. ಕೊನೆಗೆ ನಾಯಕ ಬರುತ್ತಾನೆ.

ಇಷ್ಟು ಮೊದಲೇ ಗೊತ್ತಿದ್ದ ಮೇಲೆ ಓದುವುದೇಕೆ ಎಂದು ಸದಸ್ಯರಿಂದ ವಿವರಣೆ ಕೇಳಲಾಯಿತು. ಸೀತಮ್ಮನವರು, "ದಿನಾ ಅನ್ನ ಸಾರೇ ಅಂತ ಗೊತ್ತಿರುತ್ತಲ್ಲ ಸ್ವಾಮಿ, ಉಣ್ಣೋದು ಬಿಡ್ತೀರಾ?" ಎಂದು ಮರುಪ್ರಶ್ನೆ ಹಾಕಿದ್ದು, ಅದಕ್ಕೆ ಉತ್ತರ ಬಾಕಿ ಇದೆ. ಗುರ್ಗಾಂವ್‌ನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಕುಮಾರಿ ಅದಿತಿಯವರ ಹೇಳಿಕೆಯನ್ನು ಇದ್ದಂತೆ ದಾಖಲಿಸಲಾಗಿದೆ: "ನಮ್ಮ ಆಫೀಸಿನಲ್ಲಿ ಯಾರೂ ಯಾವುದನ್ನೂ ನೇರವಾಗಿ ಹೇಳಲ್ಲ ಸರ್. ಮೀಟಿಂಗ್‌ನಲ್ಲಿ ಅಚ್ಛಾ ಅಚ್ಛಾ ಅಂತ ತಲೆ ಆಡಿಸ್ತಾರೆ, ಆಮೇಲೆ ಬೇರೇನೋ ಮೇಲ್ ಬರುತ್ತೆ. ಕಾದಂಬರಿಯಲ್ಲಿ ಎಷ್ಟೇ ಸುತ್ತಾಡಿಸಿದ್ರೂ ಕೊನೆಗೆ ಒಬ್ಬ ಮನುಷ್ಯ ಎದುರಿಗೆ ನಿಂತು ಮನಸ್ಸಿನಲ್ಲಿರೋದನ್ನ ಹೇಳ್ತಾನೆ. ನನಗೆ ಅಷ್ಟು ಸಾಕು."

ಇದನ್ನು ಅಧ್ಯಕ್ಷರು ಸಮರ್ಪಕ ಕಾರಣವೆಂದು ಒಪ್ಪಲಿಲ್ಲ. ಕಡತವು ಅಲ್ಲಿಗೇ ಮುಗಿಯುವ ಹಂತದಲ್ಲಿದ್ದಾಗ ಕೆಳಕಂಡ ಪ್ರಕರಣ ಉದ್ಭವಿಸಿತು.

೨. ಪ್ರಕರಣದ ವ್ಯಕ್ತಿಗಳು

೨.೧ ಶ್ರೀಮತಿ ದೇಚಮ್ಮ, ಬಳಗದ ಸದಸ್ಯೆ, ಲಕ್ಷ್ಮೀ ನಗರದಲ್ಲಿ ಬಾಡಿಗೆ ಮನೆಯಲ್ಲಿ ವಾಸ, ಸಮೀಪದ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಶಿಕ್ಷಕಿ. ಇವರ ಪತಿ ಸುಬೇದಾರ್ ಪೊನ್ನಣ್ಣನವರು ಉತ್ತರದ ಗಡಿಯಲ್ಲಿ, ಹಿಮ ಬಿದ್ದರೆ ದಾರಿ ಮುಚ್ಚಿಹೋಗುವ ಎತ್ತರದ ಠಾಣೆಯೊಂದರಲ್ಲಿದ್ದರು. ಠಾಣೆಯ ಹೆಸರು ಬಳಗಕ್ಕೆ ತಿಳಿದಿಲ್ಲ, ತಿಳಿಯತಕ್ಕದ್ದೂ ಅಲ್ಲ.

೨.೨ ಶ್ರೀಮತಿ ಬೋಜಮ್ಮ, ಪೊನ್ನಣ್ಣನವರ ತಾಯಿ, ವಿರಾಜಪೇಟೆ ಕಡೆಯವರು. ಕಣ್ಣಿನ ಚಿಕಿತ್ಸೆಗೆಂದು ದೆಹಲಿಗೆ ಬಂದು, ದೃಷ್ಟಿ ಮರಳುವುದಿಲ್ಲವೆಂದು ವೈದ್ಯರು ಹೇಳಿದ ಮೇಲೆ ಸೊಸೆಯ ಬಳಿಯೇ ಉಳಿದವರು. ಊರಿನಲ್ಲಿದ್ದಾಗ ಕಾದಂಬರಿಗಳನ್ನು ಓದುತ್ತಿದ್ದವರು, ಈಗ ಸೊಸೆಯ ಬಾಯಿಂದ ಕೇಳುತ್ತಾರೆ. ಹೀಗೆ ಒಂದು ಸದಸ್ಯತ್ವದ ಮೇಲೆ ಇಬ್ಬರು ಓದುತ್ತಿರುವುದು ನಿಯಮಬಾಹಿರವಾದರೂ ಕಿವಿಗೆ ಪ್ರತ್ಯೇಕ ಶುಲ್ಕವಿಲ್ಲದ ಕಾರಣ ಆಕ್ಷೇಪಿಸಿರಲಿಲ್ಲ.

೨.೩ ವಿವಾದಿತ ಪುಸ್ತಕ. ಇದಕ್ಕೆ ಮುಖಪುಟವಿಲ್ಲ, ಹೆಸರಿನ ಪುಟವಿಲ್ಲ, ಕೊನೆಯ ಪುಟಗಳಿಲ್ಲ. ವರ್ಗವಾಗಿ ಹೋದ ಅಧಿಕಾರಿಯೊಬ್ಬರು ಗೋಣಿಚೀಲದಲ್ಲಿ ಕೊಟ್ಟುಹೋದ ಪುಸ್ತಕಗಳ ಜೊತೆ ಬಂದದ್ದು. ಕಂದು ಕಾಗದದ ಹೊದಿಕೆ ಹಾಕಿ ಕಾ-೪೭ ಎಂದು ಬರೆಯಲಾಗಿದೆ. ಮುಂದೆ ಇದನ್ನು ಹಾಗೆಯೇ ಕರೆಯಲಾಗುವುದು.

೩. ಕಾ-೪೭ರ ಸಾರಾಂಶ

ಇಂದುಶೇಖರ ಎಂಬ ಸರ್ವೆ ಎಂಜಿನಿಯರ್ ಮತ್ತು ಮಂದಾಕಿನಿ ಎಂಬ ಸಂಗೀತ ಶಿಕ್ಷಕಿ ಪರಸ್ಪರ ಮೆಚ್ಚುತ್ತಾರೆ. ಮೇಲೆ ಹೇಳಿದ ತಪ್ಪು ತಿಳಿವಳಿಕೆ ನಿಯಮಾನುಸಾರ ಉಂಟಾಗುತ್ತದೆ. ಇಂದುಶೇಖರ ಹಿಮಾಲಯದ ಅಳತೆ ಕೆಲಸಕ್ಕೆ ಹೆಸರು ಕೊಟ್ಟು ಹೊರಟುಹೋಗುತ್ತಾನೆ. ಕಾಗದ ಬರುವುದಿಲ್ಲ. ಮನೆಯವರು ವಕೀಲ ಶ್ರೀಪತಿಯನ್ನು ಗೊತ್ತುಮಾಡುತ್ತಾರೆ. ನಿಶ್ಚಿತಾರ್ಥದ ಹಿಂದಿನ ದಿನ ಮಂದಾಕಿನಿ ಒಬ್ಬಳೇ ಕುಳಿತಿರುವಾಗ ಪುಸ್ತಕದಲ್ಲಿ ಉಳಿದಿರುವ ಕೊನೆಯ ಸಾಲು ಹೀಗಿದೆ: "ಬಾಗಿಲು ತಟ್ಟಿದ ಸದ್ದಾಯಿತು. ಮಂದಾಕಿನಿ ಎದ್ದು"

ಇದಾದ ಮೇಲೆ ಕಂದು ಹೊದಿಕೆ ಮಾತ್ರ ಇದೆ.

೪. ಘಟನೆಯ ವಿವರ

೪.೧ ಚಳಿಗಾಲದ ನಡುವಿನಲ್ಲಿ ದೇಚಮ್ಮನವರು ವಾಚನಾಲಯಕ್ಕೆ ಬಂದಾಗ ಹಸಿರು ಬೀರುವಿನಲ್ಲಿ ಅವರು ಓದದ ಕಾದಂಬರಿ ಇದೊಂದೇ ಉಳಿದಿತ್ತು. ಗ್ರಂಥಪಾಲಕಿ ಶ್ರೀಮತಿ ಸುಮಿತ್ರಾ ಅವರು, "ಅದಕ್ಕೆ ಕೊನೆ ಇಲ್ಲ ಕಣ್ರೀ, ಸುಮ್ನೆ ಹೊಟ್ಟೆ ಉರಿಸುತ್ತೆ" ಎಂದು ಎಚ್ಚರಿಸಿದ್ದಾಗಿ ತಿಳಿಸಿದ್ದಾರೆ. ದೇಚಮ್ಮನವರು "ಪರವಾಗಿಲ್ಲ, ಕೊಡಿ" ಎಂದು ಸಹಿ ಹಾಕಿ ತೆಗೆದುಕೊಂಡರು.

೪.೨ ಇದಾದ ಕೆಲವು ವಾರಗಳಿಗೆ ಬಳಗದ ಮಹಿಳಾ ಕೂಟದಲ್ಲಿ ಬೋಜಮ್ಮನವರು ಕಾ-೪೭ರ ಕಥೆಯನ್ನು ಗಿರಿಜಮ್ಮನವರಿಗೆ ಹೇಳಿದರು. ಅವರ ಪ್ರಕಾರ ಬಾಗಿಲು ತಟ್ಟಿದವನು ಇಂದುಶೇಖರ. ಕೈಯಲ್ಲಿ ಒಂದು ಬುಟ್ಟಿ ಸೇಬು ಹಿಡಿದು ನಿಂತಿದ್ದ. ಸೊಸೆ ಮತ್ತೊಮ್ಮೆ ಓದಿದ ಮೇಲೆ ಇದೇ ಕಥೆಯನ್ನು ಸೀತಮ್ಮನವರಿಗೆ ಹೇಳುವಾಗ ಇಂದುಶೇಖರನಿಗೆ ಗಡ್ಡ ಬಂದಿತ್ತು, ಮಂದಾಕಿನಿ ಮೊದಲು ಗುರುತಿಸಲಿಲ್ಲ. ಇನ್ನೊಬ್ಬರಿಗೆ ಹೇಳುವಾಗ ಕಾಲಿಗೆ ಪೆಟ್ಟಾಗಿ ಕುಂಟುತ್ತ ಬಂದಿದ್ದ. ಸೇಬು ಮತ್ತು ಗಡ್ಡದ ವಿಷಯದಲ್ಲಿ ಗಿರಿಜಮ್ಮ ಮತ್ತು ಸೀತಮ್ಮನವರಿಗೆ ಮಾತು ಬೆಳೆದು, ಹಾಲಿನ ಬೂತಿನ ಮುಂದೆ ಇಬ್ಬರೂ ಮಾತು ಬಿಟ್ಟರು.

೪.೩ ಸತ್ಯಾಂಶ ತಿಳಿಯಲು ಗಿರಿಜಮ್ಮನವರು ಪುಸ್ತಕವನ್ನು ಪಡೆದು ನೋಡಿದಾಗ ಸೇಬೂ ಇರಲಿಲ್ಲ, ಗಡ್ಡವೂ ಇರಲಿಲ್ಲ, ಪುಟಗಳೇ ಇರಲಿಲ್ಲ. ದೇಚಮ್ಮನವರು ಪುಟಗಳನ್ನು ಹರಿದು ತಮ್ಮಲ್ಲೇ ಇಟ್ಟುಕೊಂಡಿದ್ದಾರೆಂದು ದೂರು ದಾಖಲಾಯಿತು. ತಾವೊಮ್ಮೆ ಸಂಜೆ ಅವರ ಮನೆಗೆ ಹೋದಾಗ ಕರೆಂಟ್ ಹೋಗಿ ಇಡೀ ಗಲ್ಲಿ ಕತ್ತಲಾಗಿದ್ದರೂ ದೇಚಮ್ಮನವರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯ ಅಧ್ಯಾಯವನ್ನು ನಿಲ್ಲಿಸದೆ "ಓದುತ್ತಿದ್ದರು" ಎಂಬುದನ್ನು ಸಾಕ್ಷ್ಯವಾಗಿ ನೀಡಲಾಯಿತು. ಕತ್ತಲಲ್ಲಿ ಓದಲು ಬಳಗದ ಯಾವ ಪುಸ್ತಕಕ್ಕೂ ಅನುಮತಿ ಇಲ್ಲದಿರುವುದರಿಂದ ಪ್ರಕರಣವನ್ನು ಗಂಭೀರವಾಗಿ ಪರಿಗಣಿಸಲಾಯಿತು.

೪.೪ ಉಭಯ ಪಕ್ಷಗಳೂ ಓದಿನ ಫಲಾನುಭವಿಯಾದ ಬೋಜಮ್ಮನವರೂ ಹಾಜರಿರತಕ್ಕದ್ದೆಂದು ತಿಳಿವಳಿಕೆ ಪತ್ರ ಹೋಯಿತು. ಅದು ತಲುಪಿದ ದಿನವೇ ದೇಚಮ್ಮನವರು ಕೆಳಗೆ ಸಹಿ ಮಾಡಿದವರಿಗೆ ಫೋನ್ ಮಾಡಿ, "ಏನು ಬೇಕಾದ್ರೂ ನನ್ನನ್ನ ಕೇಳಿ ಸರ್, ದಂಡ ಹಾಕಿ, ಕಾರ್ಡ್ ಕಿತ್ಕೊಳ್ಳಿ. ಮಾವಿಯ ಎದುರಿಗೆ ಮಾತ್ರ ಬೇಡ" ಎಂದು ಕೇಳಿಕೊಂಡರು. ಮಾವಿ ಎಂದರೆ ಕೊಡವರಲ್ಲಿ ಅತ್ತೆ. ಫಲಾನುಭವಿಯ ಗೈರುಹಾಜರಿಯಲ್ಲಿ ವಿಚಾರಣೆ ಊರ್ಜಿತವಾಗುವುದಿಲ್ಲವೆಂದು ಅವರಿಗೆ ತಿಳಿಸಲಾಯಿತು.

೫. ವಿಚಾರಣೆ

೫.೧ ಸಭೆಯು ಮಧ್ಯಾಹ್ನ ವಾಚನಾಲಯದಲ್ಲಿ ಸೇರಿತು. ಮೇಲಿನ ಮಹಡಿಯ ಕೋಚಿಂಗ್ ತರಗತಿಯಿಂದ ಲೆಕ್ಕಶಾಸ್ತ್ರದ ಪಾಠ ಗಟ್ಟಿಯಾಗಿ ಕೇಳುತ್ತಿದ್ದುದರಿಂದ ಎಲ್ಲರೂ ಸ್ವಲ್ಪ ಜೋರಾಗಿ ಮಾತನಾಡಬೇಕಾಯಿತು. ಪ್ರಣಯ ಸಾಹಿತ್ಯದ ವಿಚಾರಣೆಯೆಂದು ತಿಳಿದು ನಿರೀಕ್ಷೆಗಿಂತ ಹೆಚ್ಚು ಜನ ಬಂದಿದ್ದರು. ಕೆಳಗಿನ ಚಹಾ ಭಯ್ಯಾ ಎರಡು ಸಲ ಕೆಟಲ್ ತಂದರು.

೫.೨ ಗಿರಿಜಮ್ಮನವರು ದೂರನ್ನು ಓದಿದರು. ಪುಸ್ತಕ ಬಂದಾಗಲೇ ಹಾಗಿತ್ತೆಂದು ಸುಮಿತ್ರಾ ಅವರು ಹೇಳಿದ್ದರಿಂದ ಪುಟ ಹರಿದ ಆರೋಪ ಕೂಡಲೇ ಬಿದ್ದುಹೋಯಿತು. ಇಲ್ಲಿಗೇ ಸಭೆಯನ್ನು ಮುಗಿಸಬಹುದಿತ್ತು. ಆದರೆ ದಾಖಲೆಗಾಗಿ ಕೊನೆಯ ಸಾಲನ್ನು ಓದತಕ್ಕದ್ದೆಂದು ಅಧ್ಯಕ್ಷರು ಅಭಿಪ್ರಾಯಪಟ್ಟು, ಕನ್ನಡಕ ಹಾಕಿಕೊಂಡು ತಾವೇ ಓದಿದರು: "ಬಾಗಿಲು ತಟ್ಟಿದ ಸದ್ದಾಯಿತು. ಮಂದಾಕಿನಿ ಎದ್ದು."

"ಎದ್ದು?" ಎಂದು ಬೋಜಮ್ಮನವರು ಕೇಳಿದರು.

"ಎದ್ದು, ಅಷ್ಟೇ ಅಮ್ಮಾ. ಇದರಲ್ಲಿ ಇರೋದೇ ಇಷ್ಟು."

"ಸೇಬು?"

ಅಧ್ಯಕ್ಷರು ಪುಸ್ತಕದ ಕಂದು ಹೊದಿಕೆಯನ್ನು ತಿರುಗಿಸಿ ನೋಡಿದರು. ಬೋಜಮ್ಮನವರು ಸೊಸೆ ಕುಳಿತ ಕಡೆಗೆ ಮುಖ ತಿರುಗಿಸಿದರು. "ದೇಚು, ನೀನೇ ಕಟ್ಟಿ ಹೇಳಿದ್ದಾ?"

"ಹೂಂ ಮಾವಿ."

"ಹಾಗಾದ್ರೆ ಬಾಗಿಲು ತಟ್ಟಿದ್ದು ಯಾರು ಅಂತ ಯಾರಿಗೂ ಗೊತ್ತಿಲ್ಲ."

ಕಥೆಯಲ್ಲವೇ, ಯಾರೋ ಒಬ್ಬ ಬಂದಿರುತ್ತಾನೆ, ಬಿಡಿ ಎಂದು ಗಿರಿಜಮ್ಮನವರು ಸಮಾಧಾನ ಹೇಳಲು ಹೋದರು. ಆಗ ಬೋಜಮ್ಮನವರು ಹೇಳಿದ್ದನ್ನು ಸಂಕ್ಷೇಪಿಸದೆ ದಾಖಲಿಸಲಾಗಿದೆ: "ಬಾಗಿಲು ತಟ್ಟೋರೆಲ್ಲಾ ಒಳ್ಳೇದನ್ನೇ ತರಲ್ಲ ಗಿರಿಜಮ್ಮಾ. ಎಪ್ಪತ್ತೊಂದರ ಯುದ್ಧದಲ್ಲಿ ನನ್ನ ಯಜಮಾನರ ಸುದ್ದಿ ತಂದವರು ತುಂಬ ಮೆತ್ತಗೆ ತಟ್ಟಿದ್ರು. ನಾನು ಒಲೆ ಮೇಲೆ ಅನ್ನ ಇಟ್ಟಿದ್ದೆ. ಎದ್ದು ಹೋದೆ. ಅದಕ್ಕೇ ಈ ಪುಸ್ತಕಗಳು ಬೇಕು ನನಗೆ. ಇವುಗಳಲ್ಲಿ ಬಾಗಿಲು ತೆಗೆಯೋಕೆ ಭಯ ಇಲ್ಲ."

ಈ ಹಂತದಲ್ಲಿ ಚಹಾ ಲೋಟಗಳನ್ನು ಕೆಳಗಿಡಲಾಯಿತು.

೫.೩ ಬಳಿಕ ಬೋಜಮ್ಮನವರು ಕಾರ್ಯಸೂಚಿಯಲ್ಲಿಲ್ಲದ ಪ್ರಶ್ನೆಯೊಂದನ್ನು ಎತ್ತಿದರು. "ಪೊನ್ನಣ್ಣ ಶಾಲೆಗೆ ಫೋನ್ ಮಾಡಿದ್ದ, ಚೆನ್ನಾಗಿದ್ದಾನಂತೆ ಅಂತ ವಾರ ವಾರ ಹೇಳ್ತಿದ್ಯಲ್ಲ ದೇಚು. ಅದೂ ಹೀಗೇನಾ?"

ದೇಚಮ್ಮನವರು ಎದ್ದು ಅತ್ತೆಯ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಸಭೆಯಲ್ಲಿ ನೆಲದ ಮೇಲೆ ಕೂರುವುದಕ್ಕೆ ಅವಕಾಶವಿಲ್ಲ; ವಿನಾಯಿತಿ ನೀಡಲಾಯಿತು. "ಮೊದಲ ಎರಡು ಸಲ ನಿಜ, ಮಾವಿ. ಸಂಕ್ರಾಂತಿ ಆದ ಮೇಲೆ ಒಂದೂ ಬಂದಿಲ್ಲ. ನೀವು ಪ್ರತಿ ಸಂಜೆ ಕೇಳ್ತಿದ್ರಿ. ಇವತ್ತೂ ಬಂದಿಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

"ಒಬ್ಬಳೇ ಇಟ್ಕೊಂಡು ಕೂತಿದ್ಯಾ ಇಷ್ಟು ದಿನ?"

"ಏನ್ಮಾಡ್ಲಿ."

ಬೋಜಮ್ಮನವರಿಗೆ ಸಿಟ್ಟು ಬಂದಿತ್ತು. ಸೊಸೆ ಕೈ ಹಿಡಿಯಲು ಹೋದಾಗ ಕೈಯನ್ನು ಸೀರೆಯ ಸೆರಗಿನೊಳಗೆ ಎಳೆದುಕೊಂಡದ್ದನ್ನು ಸಭೆ ಗಮನಿಸಿತು. ಮೇಲಿನ ಮಹಡಿಯಲ್ಲಿ ಆಸ್ತಿ ಮತ್ತು ಹೊಣೆಗಾರಿಕೆಗಳ ಪಾಠ ಮುಂದುವರಿದಿತ್ತು.

೫.೪ ನಿವೃತ್ತ ಕರ್ನಲ್ ಉತ್ತಪ್ಪನವರು ಹಿಂದಿನ ಸಾಲಿನಿಂದ ಎದ್ದು ನಿಂತರು. "ಅಕ್ಕಾ, ನಾನು ಆ ಕಡೆ ಎರಡು ಚಳಿಗಾಲ ಇದ್ದವನು. ಹಿಮ ಬಿದ್ರೆ ಫೋನ್ ಲೈನೂ ಇಲ್ಲ, ದಾರಿಯೂ ಇಲ್ಲ, ಹೆಲಿಕಾಪ್ಟರೂ ಇಲ್ಲ. ಅವನು ಚೆನ್ನಾಗಿದ್ದಾನೆ ಅಂತ ಹೇಳಿದ್ರೆ ಅದೂ ಕಟ್ಟಿ ಹೇಳಿದ ಹಾಗೇ ಆಗುತ್ತೆ. ನನಗೆ ಗೊತ್ತಿಲ್ಲ. ನಾಳೆಯಿಂದ ವಿಚಾರಿಸ್ತೀನಿ. ಏನು ತಿಳಿದ್ರೂ ಮೊದಲು ನಿಮಗೇ ಹೇಳ್ತೀನಿ, ಇದ್ದದ್ದನ್ನ ಇದ್ದ ಹಾಗೆ."

"ಅಷ್ಟು ಸಾಕಪ್ಪ" ಎಂದರು ಬೋಜಮ್ಮ. ಆಮೇಲೆ ಸೆರಗಿನೊಳಗಿನ ಕೈಯನ್ನು ಹೊರತೆಗೆದು, ಸೊಸೆಯ ತಲೆಯನ್ನು ಹುಡುಕಿ, ಅದರ ಮೇಲೆ ಇಟ್ಟರು. "ಇನ್ನು ಮೇಲೆ ಫೋನ್ ಬರದಿದ್ರೆ ಬಂದಿಲ್ಲ ಅನ್ನು. ಇಬ್ಬರೂ ಕಾಯೋಣ. ಪುಸ್ತಕದಲ್ಲಿ ಬೇಕಾದ್ರೆ ನಿನ್ನಿಷ್ಟ."

೬. ನಿರ್ಣಯ

೬.೧ ಗಡಿಯಲ್ಲಿರುವವರ ಯೋಗಕ್ಷೇಮ ಈ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ. ಪುಸ್ತಕದಲ್ಲಿರುವವರದು ಬರುತ್ತದೆ. ಆದ್ದರಿಂದ ಕೆಳಗೆ ಸಹಿ ಮಾಡಿದವರು, ಕಾ-೪೭ರಲ್ಲಿ ಬಾಗಿಲು ತಟ್ಟಿದವರು ಯಾರೆಂಬ ಪ್ರಶ್ನೆಯನ್ನು ಅನಿರ್ಣೀತವಾಗಿ ಬಿಡುವುದು ಆಡಳಿತದ ದೃಷ್ಟಿಯಿಂದ ಸರಿಯಲ್ಲವೆಂದು ಸೂಚಿಸಿ, ವಿಷಯವನ್ನು ಮತಕ್ಕೆ ಹಾಕಬೇಕೆಂದು ಕೋರಿದರು. ಅಧ್ಯಕ್ಷರು, "ಕಾದಂಬರಿಯ ಮುಕ್ತಾಯವನ್ನು ಕೈ ಎತ್ತಿ ತೀರ್ಮಾನ ಮಾಡೋದೇ?" ಎಂದು ಕೇಳಿದರು. ಬೇರೆ ಮಾರ್ಗವಿದ್ದರೆ ತಿಳಿಸಬೇಕೆಂದು ಅವರನ್ನು ವಿನಂತಿಸಲಾಯಿತು.

೬.೨ ಬಂದವನು ಇಂದುಶೇಖರನೇ ಎಂಬ ನಿರ್ಣಯವನ್ನು ಸೀತಮ್ಮನವರು ಮಂಡಿಸಿದರು. ಗಿರಿಜಮ್ಮನವರು ಅನುಮೋದಿಸಿದರು. ಇದು ಮಾತು ಬಿಟ್ಟ ಮೇಲೆ ಇಬ್ಬರ ನಡುವೆ ನಡೆದ ಮೊದಲ ವ್ಯವಹಾರ. ಒಬ್ಬೊಬ್ಬರಾಗಿ ಕೈಗಳು ಮೇಲೆದ್ದವು. ಸದಸ್ಯರಲ್ಲದ ಚಹಾ ಭಯ್ಯಾ ಕೂಡ, ವಿಷಯವೇನೆಂದು ಪಕ್ಕದವರಿಂದ ಹಿಂದಿಯಲ್ಲಿ ಕೇಳಿಕೊಂಡು, ಕೆಟಲ್ ಇಲ್ಲದ ಕೈಯನ್ನು ಎತ್ತಿದರು.

೬.೩ ಜಂಟಿ ಕಾರ್ಯದರ್ಶಿ ಶ್ರೀಮತಿ ಶೈಲಜಾ ಅವರೊಬ್ಬರ ಕೈ ಮಾತ್ರ ಕೆಳಗೇ ಇತ್ತು. ಕಾರಣ ಕೇಳಿದಾಗ, ಕಾಲೇಜಿನಲ್ಲಿದ್ದಾಗ ಶಿವಮೊಗ್ಗದ ಹಾಸ್ಟೆಲಿನಲ್ಲಿ ಈ ಕಾದಂಬರಿಯನ್ನು ಪೂರ್ತಿ ಓದಿದ್ದಾಗಿ ಅವರು ತಿಳಿಸಿದರು. ಬೋಜಮ್ಮನವರ ಮುಖವನ್ನು ಶೈಲಜಾ ಅವರು ಸ್ವಲ್ಪ ಹೊತ್ತು ನೋಡಿದರು. ನಂತರ ಕೈ ಎತ್ತಿದರು. ಮೂಲ ಕೃತಿಯಲ್ಲಿ ಏನಿತ್ತೆಂದು ಅವರನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇನ್ನು ಮುಂದೆಯೂ ಕೇಳತಕ್ಕದ್ದಲ್ಲ.

೬.೪ ಹೀಗಾಗಿ ಬಾಗಿಲು ತಟ್ಟಿದವನು ಇಂದುಶೇಖರನೇ ಎಂದು ಸರ್ವಾನುಮತದಿಂದ ನಿರ್ಣಯಿಸಲಾಯಿತು. ನಿರ್ಣಾಯಕ ಮತದ ಅಗತ್ಯ ಇಲ್ಲದಿದ್ದರೂ ಅಧ್ಯಕ್ಷರು ನಿರ್ಣಾಯಕ ಮತ ಚಲಾಯಿಸಿದರು. ತಿದ್ದುಪಡಿಗಳ ಪೈಕಿ ಸೇಬನ್ನು ಅಂಗೀಕರಿಸಲಾಯಿತು. ಗಡ್ಡವನ್ನು ಮದುವೆಗೆ ಮುಂಚೆ ತೆಗೆಸುವ ಷರತ್ತಿನ ಮೇಲೆ ಉಳಿಸಿಕೊಳ್ಳಲಾಯಿತು. ಕುಂಟುವುದನ್ನು ಬೋಜಮ್ಮನವರು "ಅದು ಬೇಡ" ಎಂದುದರಿಂದ ಚರ್ಚೆಯಿಲ್ಲದೆ ಕೈಬಿಡಲಾಯಿತು.

೬.೫ ಸಭೆ ಮುಗಿದ ಮೇಲೆ ಮೆಟ್ಟಿಲಿಳಿಯುವಾಗ ಬೋಜಮ್ಮನವರ ಒಂದು ಕೈಯನ್ನು ಸೊಸೆ, ಇನ್ನೊಂದು ಕೈಯನ್ನು ಅಧ್ಯಕ್ಷರು ಹಿಡಿದಿದ್ದರು. "ನಿಮ್ಮ ಆ ಎರಡು ಬೀರುವಿನಲ್ಲಿ ಏನಿದೆ?" ಎಂದು ಅವರು ಕೇಳಿದ್ದಕ್ಕೆ ಅಧ್ಯಕ್ಷರು, "ಜೀವನದ ಸತ್ಯಗಳು ಅಮ್ಮಾ" ಎಂದರು. "ಅದು ಮನೆಯಲ್ಲೇ ಇದೆ, ಬಿಡಿ" ಎಂದು ಬೋಜಮ್ಮನವರು ಹೇಳಿದರು. ಅಧ್ಯಕ್ಷರು ಈ ಉತ್ತರವನ್ನು ಪೀಠಿಕೆಯಲ್ಲಿ ಕೇಳಿದ ಪ್ರಶ್ನೆಗೆ ಸಮರ್ಪಕ ಕಾರಣವೆಂದು ಈಗ ಒಪ್ಪಿರುತ್ತಾರೆ.

೭. ನಿಯಮಗಳು

ಮೇಲಿನ ಹಿನ್ನೆಲೆಯಲ್ಲಿ ಎಲ್ಲ ಸದಸ್ಯರ ಪಾಲನೆಗಾಗಿ ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ:

೭.೧ ಮುಖಪುಟದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಇದ್ದು ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತಿದ್ದರೆ ಅದನ್ನು ಪ್ರೇಮ ಕಾದಂಬರಿ ಎಂದು ಪರಿಗಣಿಸತಕ್ಕದ್ದು. ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿದ್ದರೆ ಅದು ಕೌಟುಂಬಿಕ. ಯಾರೂ ಇಲ್ಲದೆ ಸೂರ್ಯ ಮಾತ್ರ ಇದ್ದರೆ ಕವನ ಸಂಕಲನ. ಅದನ್ನು ಬೀಗ ಹಾಕಿದ ಬೀರುವಿಗೆ ವರ್ಗಾಯಿಸುವುದು.

೭.೨ ಕೊನೆಯ ಪುಟವನ್ನು ಮೊದಲೇ ನೋಡುವುದನ್ನು ನಿಷೇಧಿಸಿದೆ. ಮನೆಯಲ್ಲಿ ಕಾಯಿಲೆಯವರು, ಪರೀಕ್ಷೆ ಫಲಿತಾಂಶ ಕಾಯುತ್ತಿರುವವರು ಅಥವಾ ದೂರದ ಊರಿನಲ್ಲಿ ನೌಕರಿಯಲ್ಲಿರುವವರು ಇದ್ದಲ್ಲಿ ಇದಕ್ಕೆ ವಿನಾಯಿತಿ ಇದೆ. ಪರಿಶೀಲಿಸಿದಾಗ ಎಲ್ಲ ಸದಸ್ಯರೂ ವಿನಾಯಿತಿಗೆ ಅರ್ಹರಾಗಿರುವುದು ಕಂಡುಬಂದಿದೆ.

೭.೩ ವಾಚನಾಲಯದಲ್ಲಿ ನಿಟ್ಟುಸಿರನ್ನು ಅಕ್ಕಪಕ್ಕದವರ ದಿನಪತ್ರಿಕೆ ಅಲುಗಾಡದಂತೆ ಬಿಡತಕ್ಕದ್ದು. ಚಳಿಗಾಲದ ಮಂಜಿನ ದಿನಗಳಲ್ಲಿ ಉಸಿರು ಹೊಗೆಯಂತೆ ಕಾಣುವುದರಿಂದ ಯಾರು ಬಿಟ್ಟರೆಂದು ತಿಳಿಯುತ್ತದೆ ಎಂಬುದನ್ನು ನೆನಪಿನಲ್ಲಿಡತಕ್ಕದ್ದು.

೭.೪ ಕಣ್ಣೀರು ಬಿದ್ದ ಪುಟವನ್ನು ಫ್ಯಾನಿನ ಕೆಳಗೆ ಒಣಗಿಸಿ ಹಿಂತಿರುಗಿಸುವುದು. ಈರುಳ್ಳಿ ಹೆಚ್ಚುತ್ತಾ ಓದುತ್ತಿದ್ದೆ ಎಂಬ ಸಮಜಾಯಿಷಿಯನ್ನು ಪುರುಷ ಸದಸ್ಯರಿಂದ ಮಾತ್ರ ಸ್ವೀಕರಿಸಲಾಗುವುದು. ಅವರಿಗೆ ಬೇರೆ ಸಮಜಾಯಿಷಿ ಗೊತ್ತಿರುವುದಿಲ್ಲ.

೭.೫ ತಪ್ಪು ತಿಳಿವಳಿಕೆಯ ಅಧ್ಯಾಯಗಳ ಅಂಚಿನಲ್ಲಿ "ಒಂದು ಮಾತು ಹೇಳಿಬಿಡಬಾರದಾ ಮಾರಾಯ" ಎಂದು ಪೆನ್ಸಿಲಿನಲ್ಲಿ ಬರೆಯುವುದನ್ನು ನಿಲ್ಲಿಸತಕ್ಕದ್ದು. ನಾಯಕನಿಗೆ ಅದು ತಲುಪುವುದಿಲ್ಲ.

೭.೬ ಬ್ಲೂಲೈನ್ ಬಸ್ಸಿನಲ್ಲಿ ನಿಂತು ಓದುವಾಗ ನಾಯಕ ನಾಯಕಿ ಎದುರುಬದುರಾದ ಕಾರಣಕ್ಕೆ ಇಳಿಯುವ ಸ್ಟಾಪ್ ತಪ್ಪಿದರೆ ಬಳಗ ಜವಾಬ್ದಾರಿಯಲ್ಲ. ಲಕ್ಷ್ಮೀ ನಗರದಲ್ಲಿ ಇಳಿಯಬೇಕಾದವರು ಆನಂದ್ ವಿಹಾರದವರೆಗೆ ಹೋಗಿ ಬಂದ ನಿದರ್ಶನವಿದ್ದು, ಹಿಂತಿರುಗುವಾಗಲೂ ಓದುತ್ತಿದ್ದುದರಿಂದ ಮತ್ತೆ ಸ್ಟಾಪ್ ದಾಟಿ ಯಮುನೆಯಾಚೆಯ ಐಟಿಓ ಸೇರಿದ್ದಾರೆ.

೭.೭ ಗಂಡನನ್ನು ನಾಯಕನೊಂದಿಗೆ ಹೋಲಿಸುವುದನ್ನು ವಾಚನಾಲಯದ ಆವರಣದಲ್ಲಿ ಮಾಡಕೂಡದು. ಗಂಡಂದಿರು ಸ್ಕೂಟರಿನ ಮೇಲೆ ಕೆಳಗೇ ಕಾಯುತ್ತಿರುತ್ತಾರೆ.

೭.೮ ತಿರಸ್ಕೃತ ವರನು ಯಾವಾಗಲೂ ವಕೀಲನೇ ಆಗಿರುವುದಕ್ಕೆ ಬಳಗದ ಮೂವರು ವಕೀಲರು ಆಕ್ಷೇಪ ಸಲ್ಲಿಸಿದ್ದಾರೆ. ಇನ್ನು ಮೇಲೆ ಗಟ್ಟಿಯಾಗಿ ಓದುವಾಗ ಅವನನ್ನು ಲೆಕ್ಕಪರಿಶೋಧಕ ಎಂದು ಓದಬಹುದೆಂದು ಕರಡಿನಲ್ಲಿತ್ತು. ಮೇಲಿನ ಮಹಡಿಯವರು ತಕರಾರು ತೆಗೆದುದರಿಂದ "ಇನ್ನೊಬ್ಬರು" ಎಂದಷ್ಟೇ ಓದತಕ್ಕದ್ದು.

೭.೯ ಇನ್ನೊಬ್ಬರಿಗೆ ಓದಿ ಹೇಳುವವರು ಕಥೆಯನ್ನು ತಮ್ಮ ವಿವೇಚನೆಯಂತೆ ಬದಲಿಸಬಹುದು, ಕರೆಂಟ್ ಇಲ್ಲದಾಗಲೂ ಮುಂದುವರಿಸಬಹುದು. ಆದರೆ ಫೋನು, ಕಾಗದ, ವೈದ್ಯರ ಮಾತು ಮತ್ತಿತರ ಹೊರಗಿನ ಸುದ್ದಿಗಳನ್ನು ಇದ್ದಂತೆಯೇ ಹೇಳತಕ್ಕದ್ದು. ಈ ನಿಯಮವನ್ನು ರೂಪಿಸಿದವರು ಬೋಜಮ್ಮನವರು. ವಿಭಾಗವು ಭಾಷೆಯನ್ನು ಮಾತ್ರ ಕೆಡಿಸಿದೆ.

೭.೧೦ ಕೊನೆಯ ಪುಟಗಳಿಲ್ಲದ ಎಲ್ಲ ಪುಸ್ತಕಗಳಲ್ಲಿಯೂ ನಾಯಕನು ಬಂದಿದ್ದಾನೆಂದೇ ಭಾವಿಸತಕ್ಕದ್ದು. ಹಸಿರು ಬೀರುವಿನ ಕೆಳಗಿನ ಅರೆಯಲ್ಲಿರುವ, ಪಾಯಸದ ಮಧ್ಯದಲ್ಲಿ 'ನಂತರ ತುಪ್ಪದಲ್ಲಿ' ಎಂದು ನಿಂತುಹೋಗಿರುವ ಪಾಕಶಾಸ್ತ್ರಕ್ಕೂ, ಹಳೆಯ ರೈಲ್ವೆ ವೇಳಾಪಟ್ಟಿಗೂ ಇದು ಅನ್ವಯಿಸುತ್ತದೆ. ವೇಳಾಪಟ್ಟಿಯ ವಿಷಯದಲ್ಲಿ ನಾಯಕನು ತಡವಾಗಿ ಬರಬಹುದು.

೮. ಈ ಸುತ್ತೋಲೆ ಕೂಡಲೇ ಜಾರಿಗೆ ಬರುತ್ತದೆ. ಪಾಲಿಸದವರ ಮೇಲೆ ಏನು ಕ್ರಮ ಕೈಗೊಳ್ಳಬೇಕೆಂದು ವಿಭಾಗಕ್ಕೆ ಹೊಳೆದಿಲ್ಲ.

(ಸಹಿ)
ಕೇಶವಮೂರ್ತಿ
ಗೌರವ ಕಾರ್ಯದರ್ಶಿ, ಗ್ರಂಥ ವಿತರಣಾ ವಿಭಾಗ
ಕೇಂದ್ರ ಸಚಿವಾಲಯದ ನಿವೃತ್ತ ಸೆಕ್ಷನ್ ಆಫೀಸರ್

ಪ್ರತಿಗಳು:

೧. ಅಧ್ಯಕ್ಷರಿಗೆ, ಮಾಹಿತಿಗಾಗಿ.

೨. ಶ್ರೀಮತಿ ಗಿರಿಜಮ್ಮ ಮತ್ತು ಶ್ರೀಮತಿ ಸೀತಮ್ಮ ಅವರಿಗೆ, ಇಬ್ಬರಿಗೂ ಸೇರಿ ಒಂದೇ ಪ್ರತಿ. ಒಬ್ಬರ ಮನೆಯಲ್ಲಿ ಕುಳಿತು ಓದುವುದು. ಕಾಫಿಯನ್ನು ಆಯಾ ಮನೆಯವರೇ ಭರಿಸುವುದು.

೩. ಕೆಳಗಿನ ಹಾರ್ಡ್‌ವೇರ್ ಅಂಗಡಿಯ ಮಾಲೀಕರಿಗೆ, ಎರಡು ಕೀಲು ಮತ್ತು ಎಂಟು ಸ್ಕ್ರೂ ಕಳುಹಿಸುವ ಕೋರಿಕೆಯೊಂದಿಗೆ. ಹಿಂದಿಯಲ್ಲಿ ಬಾಯಿಮಾತಿನಲ್ಲಿ ತಿಳಿಸುವುದು.

೪. ಕಾ-೪೭ರ ಪ್ರಕಾಶಕರಿಗೆ, ಅವರು ಯಾರೆಂದು ತಿಳಿದಾಗ.

೫. ಸೂಚನಾ ಫಲಕಕ್ಕೆ.

೬. ನಿವೃತ್ತ ಕರ್ನಲ್ ಉತ್ತಪ್ಪನವರಿಗೆ, ದಿನವೂ ಬೆಳಿಗ್ಗೆ ನಾಲ್ಕಾರು ಕಡೆ ಫೋನ್ ಮಾಡಿ, "ಇನ್ನೂ ತಿಳಿದಿಲ್ಲ ಅಕ್ಕಾ" ಎಂಬುದನ್ನೂ ಮರೆಯದೆ ಹೋಗಿ ಹೇಳುತ್ತಿದ್ದುದಕ್ಕಾಗಿ, ಬಳಗದ ವಂದನೆಗಳೊಂದಿಗೆ.

೭. ಶ್ರೀಮತಿ ಬೋಜಮ್ಮನವರಿಗೆ. ಶ್ರೀಮತಿ ದೇಚಮ್ಮನವರು ಓದಿ ಹೇಳತಕ್ಕದ್ದು.

೮. ಸುಬೇದಾರ್ ಪೊನ್ನಣ್ಣನವರಿಗೆ. ಸೇನಾ ಅಂಚೆಯ ವಿಳಾಸ ಬರೆದು ಸಿದ್ಧಪಡಿಸಿದ್ದ ಲಕೋಟೆಯನ್ನು ರದ್ದುಪಡಿಸಿದೆ. ಸದರಿಯವರು ಮೊನ್ನೆ ಶನಿವಾರ ರಜೆಯ ಮೇಲೆ ಲಕ್ಷ್ಮೀ ನಗರದ ಮನೆಗೆ ಬಂದಿದ್ದು, ಇನ್ನೂ ನಿದ್ದೆಯಲ್ಲಿರುವುದಾಗಿ ಅವರ ತಾಯಿ ತಿಳಿಸಿರುವುದರಿಂದ, ಎದ್ದ ಮೇಲೆ ಖುದ್ದಾಗಿ ಕೈಗೆ ಕೊಡುವುದು.